ಹಳೇ ವಿದ್ಯಾರ್ಥಿಗಳು ನಮ್ಮ ಹೈಸ್ಕೂಲಿಗೆ ಹತ್ತು ವಿಆರ್ ಹೆಡ್‌ಸೆಟ್ ಕೊಡ್ತಾರಂತೆ. ತಗೊಳ್ಳೋಣವಾ?

ಮಲೆನಾಡ ತಾಯಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನ ಎಸ್‌ಡಿಎಂಸಿ ಸದಸ್ಯೆ. ಮಗಳು ಅಲ್ಲೇ ಒಂಬತ್ತನೇ ಕ್ಲಾಸು ಓದುತ್ತಿದ್ದಾಳೆ. ನಮ್ಮ ಶಾಲೆಯಲ್ಲಿ ಓದಿ ಈಗ ಬೆಂಗಳೂರಿನಲ್ಲಿರುವ ಹುಡುಗರು ಸೇರಿ ಹತ್ತು ವಿಆರ್ ಹೆಡ್‌ಸೆಟ್ ಕೊಡುತ್ತೇವೆ ಎಂದಿದ್ದಾರೆ. ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ, ಹೆಡ್‌ಸೆಟ್ಟನ್ನು ತಲೆಗೆ ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕದಲ್ಲೇ ಇದ್ದ ಹಾಗೆ ಕಾಣುತ್ತೆ. "ಇನ್ನು ಹತ್ತು ವರ್ಷಕ್ಕೆ ಓದು, ಕೆಲಸ, ಆಸ್ಪತ್ರೆ ಎಲ್ಲ ಇದರಲ್ಲೇ ನಡೆಯುತ್ತೆ. ನಮ್ಮೂರ ಮಕ್ಕಳು ಹಿಂದೆ ಬೀಳಬಾರದು" ಅನ್ನೋದು ಅವರ ಮಾತು. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದಾರೆ.

ಮುಂದಿನ ಸಭೆಯಲ್ಲಿ ತೀರ್ಮಾನ ಆಗಬೇಕು. ಹೆಡ್‌ಮಾಸ್ತರರು ನನ್ನ ಅಭಿಪ್ರಾಯ ಕೇಳಿದ್ದಾರೆ. ಲ್ಯಾಬಿನಲ್ಲಿ ಒಂದೇ ಮೈಕ್ರೋಸ್ಕೋಪ್ ಇದೆ, ಅದರ ಕನ್ನಡಿ ಒಡೆದಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತೋ ಹೇಳುವ ಹಾಗಿಲ್ಲ. ಹಾಗಂತ ಹೊಸದೆಲ್ಲ ಬೇಡ ಅನ್ನುವವಳಲ್ಲ ನಾನು. ನಿಜವಾಗಿ ಇದರಿಂದ ಯಾರ ಬದುಕಲ್ಲಿ ಏನು ಬದಲಾಗಿದೆ? ಬಳಸಿದವರು, ಬಲ್ಲವರು ಹೇಳಿ.

ಐಟಿಐ ಮೇಷ್ಟ್ರು

ಮೇಡಂ, ನಾನು ವೆಲ್ಡರ್ ಟ್ರೇಡ್ ಕಲಿಸುವವನು. ನಾನು ಹತ್ತಿರದಿಂದ ನೋಡಿದ್ದನ್ನಷ್ಟೇ ಹೇಳುತ್ತೇನೆ.

ನಮ್ಮಲ್ಲಿ ವೆಲ್ಡಿಂಗ್ ಸಿಮ್ಯುಲೇಟರ್ ಇದೆ. ಹುಡುಗ ಹೆಲ್ಮೆಟ್ ಹಾಕುತ್ತಾನೆ, ಒಳಗೆ ಎರಡು ಪರದೆ. ಕೈಯಲ್ಲಿ ವೆಲ್ಡಿಂಗ್ ರಾಡ್ ಹಿಡಿಯುವ ಹೋಲ್ಡರ್, ತೂಕವೂ ಹೆಚ್ಚುಕಮ್ಮಿ ನಿಜದಷ್ಟೇ. ಪರದೆಯಲ್ಲಿ ಪ್ಲೇಟು, ಆರ್ಕಿನ (ರಾಡಿಗೂ ಪ್ಲೇಟಿಗೂ ನಡುವೆ ಹೊತ್ತುವ ಕರೆಂಟಿನ ಉರಿ) ಬೆಳಕು, ಕರಗಿದ ಲೋಹ ಕಾಣುತ್ತೆ. ವೆಲ್ಡಿಂಗ್‌ನಲ್ಲಿ ಕಲಿಯಬೇಕಾದ್ದು ಮುಖ್ಯವಾಗಿ ಮೂರು: ರಾಡಿನ ಕೋನ, ರಾಡಿನ ತುದಿಗೂ ಪ್ಲೇಟಿಗೂ ಇರುವ ಅಂತರ, ಕೈ ಸಾಗುವ ವೇಗ. 3.15 ಎಂಎಂ ರಾಡ್ ಆದರೆ ಅಂತರವೂ ಸುಮಾರು ಅಷ್ಟೇ ಇರಬೇಕು. ಜಾಸ್ತಿಯಾದರೆ ಆರ್ಕ್ ಕಡಿದುಹೋಗುತ್ತೆ, ಕಡಿಮೆಯಾದರೆ ರಾಡ್ ಅಂಟಿಕೊಳ್ಳುತ್ತೆ. ರಾಡ್ ಉರಿಯುತ್ತಾ ಗಿಡ್ಡ ಆಗುತ್ತಿರುತ್ತೆ, ಅದಕ್ಕೆ ತಕ್ಕ ಹಾಗೆ ಕೈಯನ್ನು ಇಳಿಸುತ್ತಾ ಹೋಗಬೇಕು. ಹೊಸ ಹುಡುಗರಿಗೆ ಇಲ್ಲೇ ತೊಂದರೆ.

ನಿಜವಾದ ವೆಲ್ಡಿಂಗ್‌ನಲ್ಲಿ ನಾನು ಇದನ್ನು ತೋರಿಸೋಕೆ ಆಗಲ್ಲ. ಕಪ್ಪು ಗಾಜಿನೊಳಗೆ ಅವನಿಗೇ ಸರಿಯಾಗಿ ಕಾಣಲ್ಲ, ನನಗೆ ಅವನ ಪಕ್ಕ ತಲೆ ತೂರಿಸೋಕೆ ಜಾಗ ಇಲ್ಲ. ಮುಗಿದ ಮೇಲೆ ಸ್ಲ್ಯಾಗ್, ಅಂದರೆ ಮೇಲೆ ಕಟ್ಟಿದ ಕಿಟ್ಟ, ಕುಟ್ಟಿ ತೆಗೆದಾಗಲೇ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗೋದು. ಸಿಮ್ಯುಲೇಟರಿನಲ್ಲಿ ಅದು ಆಗಿಂದಾಗಲೇ ಗೊತ್ತಾಗುತ್ತೆ. ಎಷ್ಟನೇ ಸೆಂಟಿಮೀಟರಿನಲ್ಲಿ ಕೈ ಓಡಿತು, ಎಲ್ಲಿ ಕೋನ ತಪ್ಪಿತು, ಗೆರೆ ಸಮೇತ ತೋರಿಸುತ್ತೆ. ರಾಡು, ಪ್ಲೇಟು ಖರ್ಚಿಲ್ಲ. ಅಂಜುವ ಹುಡುಗ ನೂರು ಸಲ ಮಾಡಿದರೂ ಯಾರೂ ಬೈಯಲ್ಲ.

ಆದರೆ ಇದೂ ನಿಜ: ಅದರಲ್ಲಿ ಬಿಸಿ ಇಲ್ಲ, ಹೊಗೆ ಇಲ್ಲ, ಕಿಡಿ ಹಾರಲ್ಲ. ಸಿಮ್ಯುಲೇಟರಿನಲ್ಲಿ ತೊಂಬತ್ತು ಅಂಕ ತಗೊಂಡ ಹುಡುಗ ಮೊದಲ ಕಿಡಿ ತೋಳಿಗೆ ಬಿದ್ದಾಗ ಹೋಲ್ಡರ್ ಬಿಟ್ಟು ಹಿಂದೆ ಹಾರುವುದನ್ನು ನೋಡಿದ್ದೇನೆ. ಆ ಅಂಜಿಕೆ ಬಿಡಿಸೋಕೆ ಶೆಡ್ಡಿಗೇ ಬರಬೇಕು. ಮತ್ತೆ ಒಬ್ಬರು ಪಕ್ಕದಲ್ಲಿ ನಿಂತು "ಈ ಗೆರೆ ಯಾಕೆ ಹೀಗೆ ಬಂತು ನೋಡು" ಅಂತ ಹೇಳದಿದ್ದರೆ ಹುಡುಗರು ಅದನ್ನು ಗೇಮ್ ಮಾಡಿಕೊಂಡು ಅಂಕದ ಹಿಂದೆ ಓಡುತ್ತಾರೆ.

ಕೋಡ್ ಬರೆಯುವವ

"ಜೀವನವೆಲ್ಲ ಇದರಲ್ಲೇ ನಡೆಯುತ್ತೆ" ಅನ್ನುವ ಮಾತಿಗೆ ಒಂದಿಷ್ಟು ಇತಿಹಾಸ ಹೇಳುತ್ತೇನೆ. ನಾನು ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವನು, ವಿಆರ್ ಮೇಲೆ ಪ್ರೀತಿಯೂ ಇದೆ.

ತಲೆಗೆ ಕಟ್ಟಿಕೊಳ್ಳುವ ಪರದೆ ಹೊಸದೇನಲ್ಲ. ಅಮೆರಿಕದಲ್ಲಿ ಇವಾನ್ ಸದರ್ಲ್ಯಾಂಡ್ 1968ರಲ್ಲೇ ಮಾಡಿ ತೋರಿಸಿದ್ದರು. ಅದನ್ನು ಚಾವಣಿಗೆ ಜೋಡಿಸಿದ್ದರು, ಕಾಣುತ್ತಿದ್ದದ್ದು ಬರೀ ಗೆರೆಗಳ ಚಿತ್ರ. 1995ರಲ್ಲಿ ನಿಂಟೆಂಡೊ ವರ್ಚುವಲ್ ಬಾಯ್ ತಂತು, ಹೆಚ್ಚು ದಿನ ನಡೆಯಲಿಲ್ಲ. 2012ರಲ್ಲಿ ಆಕ್ಯುಲಸ್ ಅನ್ನುವ ಹೆಡ್‌ಸೆಟ್ ಕಂಪನಿ ಜನರಿಂದಲೇ ಹಣ ಕೂಡಿಸಿಕೊಂಡು ಬಂತು. 2014ರಲ್ಲಿ ಫೇಸ್‌ಬುಕ್ ಸುಮಾರು 200 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. 2021ರಲ್ಲಿ ಕಂಪನಿಯ ಹೆಸರನ್ನೇ ಮೆಟಾ ಅಂತ ಬದಲಿಸಿಕೊಂಡಿತು. ಅದರ ವಿಆರ್ ವಿಭಾಗ 2022 ಒಂದೇ ವರ್ಷದಲ್ಲಿ 1,300 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿತು, ಮರುವರ್ಷ ಅದಕ್ಕಿಂತ ಜಾಸ್ತಿ. 2024ರಲ್ಲಿ ಆಪಲ್ 3,499 ಡಾಲರಿನ ಹೆಡ್‌ಸೆಟ್ ತಂತು. ಇಷ್ಟು ಹಣ, ಇಷ್ಟು ಬುದ್ಧಿ ಸುರಿದ ಮೇಲೂ ನಿಮ್ಮ ಓಣಿಯಲ್ಲಿ ಎಷ್ಟು ಮನೆಯಲ್ಲಿ ಹೆಡ್‌ಸೆಟ್ ಇದೆ ಹೇಳಿ?

ಕಾರಣ ತುಂಬಾ ಸರಳ. ಮೊಬೈಲನ್ನು ಅನ್ನ ಉಣ್ಣುತ್ತಾ, ಬಸ್ಸಿಗೆ ಕಾಯುತ್ತಾ ನೋಡಬಹುದು. ಹೆಡ್‌ಸೆಟ್ ಹಾಕಿಕೊಂಡವರು ಮನೆಯವರಿಂದ ಮುಖ ಮುಚ್ಚಿಕೊಂಡ ಹಾಗೆ. ದಿನಬಳಕೆಗೆ ಜನ ಅದನ್ನು ಒಪ್ಪಲ್ಲ. ಐಟಿಐ ಮೇಷ್ಟ್ರು ಹೇಳಿದಂಥ ಕಡೆ, ಅಂದರೆ ತಪ್ಪಿದರೆ ಕೈ ಸುಡುವ, ದುಡ್ಡು ಹಾಳಾಗುವ, ಜೀವ ಹೋಗುವ ಕೆಲಸ ಕಲಿಯುವ ಕಡೆ, ಅದು ನಿಲ್ಲುತ್ತೆ. ನನ್ನ ನಂಬಿಕೆ ಇದು.

ಕಪ್ಪುಮಣ್ಣು

ಕೋಡ್ ಬರೆಯುವವ ಹೇಳಿದ್ದು ಸರಿ. ನನ್ನಂಥ ರೈತನ ಬದುಕು ಬದಲಿಸಿದ ತಂತ್ರಜ್ಞಾನ ಯಾವುದು ಗೊತ್ತಾ? ಪಹಣಿ. 2000ನೇ ಇಸವಿಯಲ್ಲಿ ಭೂಮಿ ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಹೋಯಿತು. ಅದಕ್ಕೂ ಮುಂಚೆ ನಮ್ಮಪ್ಪ ಒಂದು ಉತಾರಕ್ಕೆ ಅಂತ ಕೈಬರಹದ ಪುಸ್ತಕ ಇಟ್ಟುಕೊಂಡವರ ಮನೆಗೆ ಅಲೆಯುತ್ತಿದ್ದರು. ಆಮೇಲೆ ತಾಲ್ಲೂಕು ಕಚೇರಿ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಕೈಗೆ ಬಂತು. ಇನ್ನೊಂದು ಯುಪಿಐ. 2016ರಲ್ಲಿ ಶುರುವಾಗಿದ್ದು, 2023ರ ಆಗಸ್ಟ್‌ನಲ್ಲಿ ಒಂದೇ ತಿಂಗಳಲ್ಲಿ ವಹಿವಾಟಿನ ಸಂಖ್ಯೆ ಸಾವಿರ ಕೋಟಿ ದಾಟಿತು. ನಮ್ಮೂರ ಮಿರ್ಚಿ ಬಜ್ಜಿ ಗಾಡಿಯಲ್ಲೂ ಇದೆ. ಎರಡಕ್ಕೂ ಕನ್ನಡಕ ಬೇಕಾಗಿಲ್ಲ.

ಅಕ್ಕಾರೆ, ಆ ಹುಡುಗರನ್ನು ಮೊದಲು ಮೈಕ್ರೋಸ್ಕೋಪ್ ಕೊಡಿಸಿ ಅಂತ ಕೇಳಿ.

ಬಿಳಿಕೋಲು

ಇಲ್ಲಿಯವರೆಗಿನ ಮಾತೆಲ್ಲ ಕಣ್ಣಿದ್ದವರದ್ದು. ನನ್ನದನ್ನೂ ಸೇರಿಸುತ್ತೇನೆ.

ನನಗೆ ದೃಷ್ಟಿ ಇಲ್ಲ. ದಾವಣಗೆರೆಯಲ್ಲಿ ಕೆಲಸ ಮಾಡುತ್ತೇನೆ, ಓಡಾಟ ಎಲ್ಲ ಬಸ್ಸಲ್ಲೇ. ಫೋನ್ ಕ್ಯಾಮೆರಾ ಹಿಡಿದರೆ ಬೋರ್ಡು ಓದಿ ಹೇಳುವ ಆ್ಯಪ್‌ಗಳು ಬಂದು ಬದುಕು ಎಷ್ಟು ಹಗುರ ಆಗಿದೆ ಅಂತ ಬರೆದು ಮುಗಿಯಲ್ಲ. ಔಷಧಿ ಚೀಟಿ, ಕರೆಂಟ್ ಬಿಲ್ಲು, ಬ್ಯಾಂಕಿನ ಪತ್ರ, ಯಾವುದಕ್ಕೂ ಈಗ ಪಕ್ಕದ ಮನೆಯವರನ್ನು ಕರೆಯಬೇಕಿಲ್ಲ. ನನ್ನ ಪತ್ರವನ್ನು ನಾನೇ ಮೊದಲು ಓದುತ್ತೇನೆ. ಡೆನ್ಮಾರ್ಕಿನಲ್ಲಿ 2015ರಲ್ಲಿ ಶುರುವಾದ ಬಿ ಮೈ ಐಸ್ ಅಂತ ಒಂದು ಆ್ಯಪ್ ಇದೆ. ವಿಡಿಯೊ ಕಾಲ್ ಮಾಡಿದರೆ ಜಗತ್ತಿನ ಯಾವುದೋ ಮೂಲೆಯ ಸ್ವಯಂಸೇವಕರು ನಮ್ಮ ಕ್ಯಾಮೆರಾ ಮೂಲಕ ನೋಡಿ ಹೇಳುತ್ತಾರೆ. 2023ರಿಂದ ಅದರಲ್ಲಿ ಎಐ ಕೂಡ ಚಿತ್ರ ನೋಡಿ ವಿವರಿಸುತ್ತೆ.

ಬಸ್ ಸ್ಟ್ಯಾಂಡಿನಲ್ಲಿ ನನ್ನ ಕಷ್ಟ ಹೀಗೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಫೋನು, ಹೆಗಲಲ್ಲಿ ಬ್ಯಾಗು. ಮಳೆ ಬಂದರೆ ಛತ್ರಿ ಹಿಡಿಯೋಕೆ ಮೂರನೇ ಕೈ ಬೇಕು. ಬಣ್ಣದಲ್ಲಿ ಬರೆದ ಬೋರ್ಡನ್ನು ಆ್ಯಪ್ ಚೆನ್ನಾಗಿ ಓದುತ್ತೆ. ಎಲ್‌ಇಡಿ ಬೋರ್ಡು ಕ್ಯಾಮೆರಾಗೆ ತುಂಡು ತುಂಡಾಗಿ ಕಾಣುತ್ತಂತೆ, ಅರ್ಧಂಬರ್ಧ ಓದುತ್ತೆ. ಅಷ್ಟರಲ್ಲಿ ಬಸ್ಸು ಹೊರಟಿರುತ್ತೆ. ಕ್ಯಾಮೆರಾ ಕನ್ನಡಕದಲ್ಲೇ ಇದ್ದರೆ ನನ್ನ ಒಂದು ಕೈ ಬಿಡುವಾಗುತ್ತೆ. ಅಂಥ ಕನ್ನಡಕ 2025ರ ಮೇ ತಿಂಗಳಲ್ಲಿ ನಮ್ಮ ದೇಶದಲ್ಲೂ ಮಾರಾಟಕ್ಕೆ ಬಂದಿದೆ. ರೇ-ಬ್ಯಾನ್ ಮೆಟಾ, ಬಂದಾಗ ಆರಂಭದ ಬೆಲೆ 29,900 ರೂಪಾಯಿ ಇತ್ತು. ನನಗೆ ದುಬಾರಿ. ಆದರೆ "ಕನ್ನಡಕ ಯಾರಿಗೂ ಬೇಕಾಗಿಲ್ಲ" ಅಂತ ಮಾತ್ರ ಹೇಳಬೇಡಿ ಕಪ್ಪುಮಣ್ಣು ಅವರೇ, ನನಗೆ ಬೇಕು. ಅದು ಕನ್ನಡದ ಬೋರ್ಡು ಓದಿ ಕನ್ನಡದಲ್ಲೇ ಹೇಳಬೇಕು.

ಕಪ್ಪುಮಣ್ಣು

ಒಪ್ಪಿದೆ ಅಣ್ಣ. ನೀವು ಹೇಳಿದ್ದು ನನ್ನ ತಲೆಗೆ ಹೊಳೆದಿರಲಿಲ್ಲ.

ಹಾಸ್ಟೆಲ್ ಹುಡುಗಿ

ಬಿಳಿಕೋಲು ಸರ್, ನಿಮ್ಮ ಮಾತು ಓದಿ ಮನಸ್ಸು ತುಂಬಿತು. ಆದರೂ ನನ್ನ ಭಯ ಹೇಳಲೇಬೇಕು. ಅದೇ ಕನ್ನಡಕ ಹಾಕಿದ ಇನ್ನೊಬ್ಬ ಬಸ್ಸಿನಲ್ಲಿ ನನ್ನ ಎದುರು ಕೂತರೆ? ಫೋನ್ ಎತ್ತಿ ಹಿಡಿದರೆ ಗೊತ್ತಾಗುತ್ತೆ, ಎದ್ದು ಕೇಳಬಹುದು. ಕನ್ನಡಕ ಗೊತ್ತಾಗಲ್ಲ. ರೆಕಾರ್ಡ್ ಆಗುವಾಗ ಫ್ರೇಮಿನಲ್ಲಿ ಸಣ್ಣ ಬಿಳಿ ದೀಪ ಹತ್ತುತ್ತೆ ಅಂತಾರೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಆ ಚುಕ್ಕಿ ಯಾರಿಗೆ ಕಾಣುತ್ತೆ? ವಿಆರ್ ಒಳಗೂ ಇದೇ ಕಥೆ. ಜನ ವಿಆರ್‌ನಲ್ಲಿ ಒಟ್ಟು ಸೇರುವ ಮೆಟಾದ ಹೊರೈಜನ್ ವರ್ಲ್ಡ್ಸ್‌ನಲ್ಲಿ ಬೇರೆಯವರ ಅವತಾರಗಳು (ಅವರನ್ನು ತೋರಿಸುವ ಗೊಂಬೆ ರೂಪಗಳು) ಮೈಮೇಲೆ ಬೀಳುತ್ತವೆ ಅಂತ ಹೆಣ್ಣುಮಕ್ಕಳು ದೂರಿದ ಮೇಲೆ, 2022ರ ಫೆಬ್ರವರಿಯಲ್ಲಿ ಸುಮಾರು ನಾಲ್ಕು ಅಡಿ ಅಂತರ ಕಾಯುವ ಗಡಿ ಹಾಕಿದರು. ಮೊದಲೇ ಯಾಕೆ ಯೋಚಿಸಲಿಲ್ಲ? ಮಾಡುವವರ ಮಧ್ಯೆ ನಮ್ಮಂಥವರು ಇರಲಿಲ್ಲ ಅಂತ ನನಗೆ ಅನಿಸುತ್ತೆ.

ಬಿಳಿಕೋಲು

ತಂಗಿ, ನಿನ್ನ ಭಯ ನ್ಯಾಯವಾದದ್ದು. ನನಗೆ ಬೇಕಾದ ಕನ್ನಡಕ ಏನನ್ನೂ ಉಳಿಸಿಕೊಳ್ಳಬೇಕಿಲ್ಲ. ಬೋರ್ಡು ಓದಿ ಹೇಳಿ ಅಲ್ಲಿಗೇ ಮರೆತರೆ ಸಾಕು. ಹಾಗೆ ಮಾಡೋಕೆ ಬರುತ್ತಾ ಅಂತ ಕೋಡ್ ಬರೆಯುವವರು ಹೇಳಲಿ.

ಕೋಡ್ ಬರೆಯುವವ

ಬರುತ್ತೆ ಸರ್. ಅಕ್ಷರ ಓದುವ ಕೆಲಸವನ್ನು ಫೋನಿನೊಳಗೇ ಮಾಡಬಹುದು, ಚಿತ್ರ ಹೊರಗೆ ಹೋಗಲೇಬೇಕು ಅಂತಿಲ್ಲ. ಮಾಡುವವರ ಮನಸ್ಸು ಬೇಕು, ಕೇಳುವ ಕಾನೂನು ಬೇಕು.

ಹೆಡ್‌ಸೆಟ್ ವಿಷಯದಲ್ಲಿ ಇನ್ನೂ ಸೂಕ್ಷ್ಮ ಒಂದಿದೆ, ಮಲೆನಾಡ ತಾಯಿ ಅವರು ಗಮನಿಸಬೇಕು. ಅದು ಕೆಲಸ ಮಾಡಬೇಕಾದರೆ ತಲೆ ಎಲ್ಲಿದೆ, ಕೈ ಹೇಗೆ ಆಡುತ್ತಿದೆ ಅಂತ ಸೆಕೆಂಡಿಗೆ ಹತ್ತಾರು ಸಲ ಅಳೆಯುತ್ತಲೇ ಇರಬೇಕು. 2023ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಶೋಧಕರು ಐವತ್ತು ಸಾವಿರಕ್ಕೂ ಹೆಚ್ಚು ಜನ ಒಂದು ವಿಆರ್ ಗೇಮ್ ಆಡಿದ ದಾಖಲೆ ತೆಗೆದುಕೊಂಡರು. ನೂರು ಸೆಕೆಂಡಿನ ತಲೆ-ಕೈ ಚಲನೆ ನೋಡಿ ಇಂಥವರೇ ಅಂತ ಶೇಕಡ 94ರಷ್ಟು ಸರಿಯಾಗಿ ಗುರುತಿಸಿದರು. ಹೆಸರಿಲ್ಲ, ಮುಖ ಇಲ್ಲ, ಬರೀ ಚಲನೆ. ಅಂದರೆ ಮಕ್ಕಳ ಮೈಯ ಆಟವೇ ಅವರ ಗುರುತಿನ ಚೀಟಿ. ನಮ್ಮ 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸೋಕೆ ತಂದೆ-ತಾಯಿ ಒಪ್ಪಿಗೆ ಬೇಕು ಅಂತಿದೆ. ಅಕೌಂಟ್ ಯಾರ ಹೆಸರಲ್ಲಿ ತೆರೆಯುತ್ತಾರೆ, ಮಾಹಿತಿ ಎಲ್ಲಿಗೆ ಹೋಗುತ್ತೆ, ಈ ಎರಡು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಬರುವವರೆಗೆ ಪೆಟ್ಟಿಗೆ ಒಡೆಯಬೇಡಿ.

ನರ್ಸಮ್ಮ

ನಾನು ಆಸ್ಪತ್ರೆಯವಳು, ಸುಟ್ಟ ಗಾಯದ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಡ್ರೆಸಿಂಗ್ ಬಿಚ್ಚುವಾಗ ಮಕ್ಕಳು ಕಿರುಚುವುದನ್ನು ಕೇಳಿದವರು ಜನ್ಮದಲ್ಲಿ ಮರೆಯಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇದಕ್ಕೇ ಅಂತ ಸ್ನೋವರ್ಲ್ಡ್ ಅನ್ನುವ ವಿಆರ್ ಮಾಡಿದ್ದಾರೆ. ರೋಗಿ ಹಿಮದ ಕಣಿವೆಯಲ್ಲಿ ಸಾಗುತ್ತಾ ಪೆಂಗ್ವಿನ್‌ಗಳಿಗೆ ಹಿಮದ ಉಂಡೆ ಎಸೆಯಬೇಕು. ಮನಸ್ಸು ಅಲ್ಲಿ ಸಿಕ್ಕಿಕೊಂಡಾಗ ಇಲ್ಲಿನ ನೋವು ಕಡಿಮೆ ಅನಿಸುತ್ತೆ. ನೋವಿಗೂ ನಮ್ಮ ಗಮನ ಬೇಕು, ಅದನ್ನು ಬೇರೆ ಕಡೆ ಎಳೆದರೆ ನೋವಿಗೆ ಸಿಗುವ ಪಾಲು ಕಮ್ಮಿ. ಇದು ನಮ್ಮ ಜಿಲ್ಲಾಸ್ಪತ್ರೆಗಳಿಗೂ ಬರಲಿ ಅಂತ ನನ್ನ ಮನಸ್ಸಾರೆ ಆಸೆ. ಹತ್ತು ಹೆಡ್‌ಸೆಟ್ ಯಾರಾದರೂ ನನಗೆ ಕೊಟ್ಟರೆ ನಾನು ಎರಡು ಮಾತಾಡದೆ ತಗೊಳ್ಳುತ್ತೇನೆ.

ಡಾಕ್ಟರುಗಳ ಕಲಿಕೆಗೂ ಒಳ್ಳೆಯದೇ. 2002ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪಿತ್ತಕೋಶದ ಆಪರೇಷನ್ ಕಲಿಯುವ ಹದಿನಾರು ವೈದ್ಯರನ್ನು ಎರಡು ಗುಂಪು ಮಾಡಿದರು. ವಿಆರ್‌ನಲ್ಲಿ ಅಭ್ಯಾಸ ಮಾಡಿದವರು ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇಕಡ 29ರಷ್ಟು ಬೇಗ ಮಾಡಿದರು. ಉಳಿದವರಿಂದ ಆದ ತಪ್ಪು ಇವರಿಗಿಂತ ಆರು ಪಟ್ಟು.

ಶಾಲೆಯ ಮಕ್ಕಳ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನಿಸಿ. ಕಣ್ಣು "ಓಡುತ್ತಿದ್ದೇನೆ" ಅನ್ನುತ್ತೆ, ಕಿವಿಯೊಳಗೆ ಸಮತೋಲ ಕಾಯುವ ಭಾಗ "ಕೂತೇ ಇದ್ದೀಯ" ಅನ್ನುತ್ತೆ. ಈ ಜಗಳಕ್ಕೆ ತಲೆಸುತ್ತು, ವಾಂತಿ. ಘಾಟಿ ರಸ್ತೆಯಲ್ಲಿ ಬಸ್ಸಿನಲ್ಲಿ ಪುಸ್ತಕ ಓದಿದರೆ ಆಗುವುದೂ ಹೀಗೇ, ಅಲ್ಲಿ ಮೈ ಓಡುತ್ತೆ, ಕಣ್ಣು ನಿಂತಿರುತ್ತೆ. ಮೆಟಾ ಹತ್ತು ವರ್ಷ ಮೇಲಿನವರಿಗೆ, ಆಪಲ್ ಹದಿಮೂರು ಮೇಲಿನವರಿಗೆ ಅಂತ ಹೇಳಿವೆ. ಸಣ್ಣ ಮುಖಕ್ಕೆ, ಹತ್ತಿರ ಹತ್ತಿರ ಇರುವ ಕಣ್ಣಿಗೆ ಲೆನ್ಸ್ ಸರಿಯಾಗಿ ಕೂರಲ್ಲ. ಒಂದು ಸಲಕ್ಕೆ ಹತ್ತು ನಿಮಿಷದ ಮೇಲೆ ಬೇಡ, ಕೂತೇ ನೋಡಲಿ. ಒಬ್ಬರ ಬೆವರಿನ ಪ್ಯಾಡನ್ನು ಇನ್ನೊಬ್ಬರಿಗೆ ಹಾಗೇ ಹಾಕಬೇಡಿ, ಒರೆಸಲೇಬೇಕು. ಕೆಂಗಣ್ಣು ಬಂದ ಕಾಲದಲ್ಲಿ ಪೆಟ್ಟಿಗೆಗೆ ಬೀಗ ಹಾಕಿಬಿಡಿ.

ಇತಿಹಾಸದ ಟೀಚರ್

ಮಕ್ಕಳಿಗೆ ಹಂಪಿ ತೋರಿಸಬಹುದು ಅಂತ ಯಾರಾದರೂ ಹೇಳುತ್ತಾರೆ, ಅದಕ್ಕೆ ನಾನೇ ಮೊದಲು ಹೇಳಿಬಿಡುತ್ತೇನೆ. ಡಿಜಿಟಲ್ ಹಂಪಿ ಕೆಲಸವನ್ನು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮಾಡಿಸಿದೆ, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನವರೂ ಅದರಲ್ಲಿದ್ದರು. ಬಹಳ ಬೆಲೆಬಾಳುವ ಕೆಲಸ ಅದು. ಬಿದ್ದುಹೋದ ಕಲ್ಲು ಮೊದಲು ಹೇಗಿತ್ತು ಅಂತ ತೋರಿಸೋಕೆ ಅದಕ್ಕಿಂತ ಒಳ್ಳೇ ದಾರಿ ಇಲ್ಲ.

ಆದರೆ ಶಿರಸಿಯಿಂದ ಹಂಪಿಗೆ ಬಸ್ಸಿನಲ್ಲಿ ಹೋಗಬಹುದು. ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬೆಳಕು ಬಂದು ಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತಲ್ಲ, ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ನೋಡಿ. ಬೆಳಕಿನ ಪಾಠ ಆಮೇಲೆ ತಾನಾಗೇ ತಲೆಗೆ ಹತ್ತುತ್ತೆ. ಹೋಗೋಕೆ ಆಗುವ ಜಾಗಕ್ಕೆ ಕರೆದುಕೊಂಡು ಹೋಗಿ. ಹೆಡ್‌ಸೆಟ್ಟನ್ನು ಹೋಗೋಕೇ ಆಗದ ಕಡೆಗೆ ಇಟ್ಟುಕೊಳ್ಳಿ: ಹೃದಯದ ಕವಾಟ, ಸಮುದ್ರದ ತಳ, ಬಾಹ್ಯಾಕಾಶ ನಿಲ್ದಾಣ.

ಇನ್ನೊಂದು ಎಚ್ಚರಿಕೆ. ಶಾಲೆಗಳಿಗೆ ಅಂತಲೇ ಗೂಗಲ್ ಎಕ್ಸ್‌ಪೆಡಿಶನ್ಸ್ ಅನ್ನುವ ವಿಆರ್ ಆ್ಯಪ್ ಇತ್ತು. ಟೀಚರ್ ನಡೆಸಿಕೊಂಡು ಹೋಗುವ ಒಳ್ಳೇ ಪ್ರವಾಸಗಳು ಇದ್ದವು. 2021ರ ಜೂನ್‌ನಲ್ಲಿ ನಿಲ್ಲಿಸಿಬಿಟ್ಟರು. ಪ್ರವಾಸಗಳು ಬೇರೆ ಕಡೆ ಸಿಗುತ್ತವೆ, ಆದರೆ ಅದನ್ನೇ ನಂಬಿ ಪಾಠ ಜೋಡಿಸಿಕೊಂಡಿದ್ದ ಶಾಲೆಗಳ ಪಾಡು ಯೋಚಿಸಿ. ಹೆಡ್‌ಸೆಟ್ ಜೊತೆಗೆ ಕನ್ನಡದ ಪಾಠ ಯಾರು ಮಾಡುತ್ತಾರೆ, ಮೂರು ವರ್ಷದ ಮೇಲೆ ಅದು ಓಡುತ್ತಾ, ಕೇಳಿ.

ಡಲ್ಲಾಸ್ ಕನ್ನಡಿಗ

ದೂರದಲ್ಲಿರುವವನ ಮಾತು ಒಂದು. ದಕ್ಷಿಣ ಕೊರಿಯಾದ ಎಂಬಿಸಿ ಟಿವಿಯವರು ತೀರಿಹೋದ ಮಗಳೊಬ್ಬಳನ್ನು ವಿಆರ್‌ನಲ್ಲಿ ಮರುರೂಪಿಸಿ 2020ರಲ್ಲಿ ಅವಳ ತಾಯಿಗೆ ತೋರಿಸಿದರು. ಆ ತುಣುಕು ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಕಳೆದ ವರ್ಷ ನನ್ನ ತಂದೆ ಹೋದರು, ಮೈಸೂರಿಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾರಾದರೂ ಅಂಥದ್ದನ್ನು ಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನುವ ಶಕ್ತಿ ನನಗೆ ಇರುತ್ತಿತ್ತೋ ಇಲ್ಲವೋ. ಇದನ್ನು ಮಾರಾಟದ ಸರಕು ಮಾಡಲು ಬಿಡಬಾರದು ಅಂತ ನನಗೆ ಬಲವಾಗಿ ಅನಿಸುತ್ತೆ. ದುಃಖದಲ್ಲಿರುವವರು ಬೆಲೆ ಕೇಳಲ್ಲ.

ಮಲೆನಾಡ ತಾಯಿ

ಎಲ್ಲರಿಗೂ ಕೈಮುಗಿದೆ. ಇಷ್ಟು ಮನಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಡಲ್ಲಾಸ್ ಅಣ್ಣ, ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಸಭೆಗೆ ಹೀಗೆ ಹೇಳಬೇಕು ಅಂತಿದ್ದೇನೆ. ಹತ್ತು ಬೇಡ, ಎರಡು ಸಾಕು, ಅದೂ ಕೋಡ್ ಬರೆಯುವವರು ಹೇಳಿದ ಎರಡು ಪ್ರಶ್ನೆಗೆ ಉತ್ತರ ಬಂದ ಮೇಲೆ. ಒಂದು ಹೆಡ್‌ಸೆಟ್ಟಿನಲ್ಲಿ ಕಾಣುವುದನ್ನು ಗೋಡೆ ಮೇಲೆ ಹಾಕಿ ಉಳಿದವರಿಗೂ ತೋರಿಸಬಹುದಂತೆ, ಆಗ ಟೀಚರ್ ಪಕ್ಕದಲ್ಲಿ ನಿಂತು ಹೇಳೋಕೂ ಆಗುತ್ತೆ. ಉಳಿದ ದುಡ್ಡಿನಲ್ಲಿ ಮೈಕ್ರೋಸ್ಕೋಪ್, ಒಂದು ಯುಪಿಎಸ್, ಹಂಪಿ ಪ್ರವಾಸದ ಬಸ್ಸಿನ ಖರ್ಚು.

ಒಂದೇ ಅನುಮಾನ. ಬಾಕಿ ಶಾಲೆಯಲ್ಲಿ ಹತ್ತಿದೆ, ನಮ್ಮಲ್ಲಿ ಎರಡೇ ಅಂತ ಮಕ್ಕಳು ಬೇಜಾರಾಗುತ್ತಾರಾ?

ಕೋಡ್ ಬರೆಯುವವ

ಸರಳ ಹೆಡ್‌ಸೆಟ್ಟನ್ನು ಮಕ್ಕಳ ಕೈಯಲ್ಲೇ ಮಾಡಿಸಿ ಮೇಡಂ. ಗೂಗಲ್ 2014ರಲ್ಲಿ ರಟ್ಟಿನ ಪೆಟ್ಟಿಗೆ ಒಂದನ್ನು ತಂದಿತ್ತು, ಕಾರ್ಡ್‌ಬೋರ್ಡ್ ಅಂತಲೇ ಹೆಸರು. ಮುಂದೆ ಫೋನ್ ಇಡೋದು, ಕಣ್ಣಿನ ಹತ್ತಿರ ಎರಡು ಪೀನ ಮಸೂರ. ಮೊದಲ ಮಾದರಿಯಲ್ಲಿ 45 ಎಂಎಂ ಸಂಗಮದೂರದ ಮಸೂರ ಇತ್ತು. ಈಗ ಅವರು ಮಾರುವುದು ನಿಲ್ಲಿಸಿದ್ದಾರೆ, ಆದರೆ ರಟ್ಟು ಕತ್ತರಿಸಿ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಹತ್ತನೇ ಕ್ಲಾಸಿನಲ್ಲಿ ಮಸೂರದ ಪಾಠ ಇದ್ದೇ ಇದೆ. ಮಸೂರವನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ, ಯಾವಾಗ ಚಿತ್ರ ಮಂಜಾಗುತ್ತೆ, ಯಾವಾಗ ಸ್ಪಷ್ಟ ಆಗುತ್ತೆ ಅಂತ ಅವರೇ ಹುಡುಕಲಿ. ಹಳೇ ವಿದ್ಯಾರ್ಥಿಗಳು ದುಡ್ಡಿನ ಜೊತೆ ಒಂದು ಶನಿವಾರ ಬಂದು ಇದನ್ನು ಮಾಡಿಸಿಕೊಟ್ಟರೆ ಇನ್ನೂ ಒಳ್ಳೆಯದು. ನನ್ನನ್ನು ಕರೆದರೆ ನಾನೂ ಬರುತ್ತೇನೆ.

ಐಟಿಐ ಮೇಷ್ಟ್ರು

ಮೇಡಂ, ನಿಮ್ಮ ಮಕ್ಕಳನ್ನು ಒಂದು ದಿನ ಹತ್ತಿರದ ಐಟಿಐಗೆ ಕರೆದುಕೊಂಡು ಹೋಗಿ. 2022ರ ಹೊತ್ತಿಗೆ ನಮ್ಮ ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳು ಬಂದಿವೆ, ಸುಮ್ನೆ ನೋಡಿ ಬಂದರೂ ಲಾಭ. ವೆಲ್ಡರ್ ಟ್ರೇಡಿಗೆ ಎಂಟನೇ ಕ್ಲಾಸು ಪಾಸಾದರೂ ಸೇರಬಹುದು, ಒಂದು ವರ್ಷದ ಕೋರ್ಸು. ಹುಡುಗಿಯರಿಗೂ ಹೇಳಿ, ನನ್ನ ಬ್ಯಾಚಿನಲ್ಲಿ ಕೈ ಅತಿ ಸ್ಥಿರ ಇರುವುದು ಒಬ್ಬಳು ಹುಡುಗಿಯದ್ದೇ.

ನಮ್ಮಲ್ಲಿಗೇ ಬರುವುದಾದರೆ ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆಸಿಕೊಂಡು ಬನ್ನಿ. ಮೊದಲು ಸಿಮ್ಯುಲೇಟರ್, ಆಮೇಲೆ ಶೆಡ್ಡು. ಎಲ್ಲರಿಗೂ ಹತ್ತಿ ಬಟ್ಟೆ ಹಾಕಿಸಿ, ನೈಲಾನ್ ಬೇಡ. ಚಪ್ಪಲಿ ಬೇಡ, ಶೂ ಇರಲಿ. ಆರ್ಕನ್ನು ಬರಿಗಣ್ಣಿನಿಂದ ನೋಡಬಾರದು ಅಂತ ಮನೆಯಿಂದಲೇ ಹೇಳಿ ಕಳಿಸಿ. ನೋಡುವ ಗಾಜು ನಾನು ಕೊಡುತ್ತೇನೆ.